ಬರ್ಡ್‌ವುಡ್‌ನ ಪತ್ರ ಮತ್ತು ತುಲಸಿಯ ಬೇಲಿ: ಒಂದು ಸಾಕ್ಷ್ಯದ ಮರುಪರಿಶೀಲನೆ

ತುಲಸಿಯ ಔಷಧೀಯ ಇತಿಹಾಸ ಬರೆಯುವವರು ಸರ್ ಜಾರ್ಜ್ ಬರ್ಡ್‌ವುಡ್‌ನ ಹೆಸರನ್ನು ಬಿಡುವುದು ಅಪರೂಪ. 1903ರ ಮೇ 2ರ ‘ಟೈಮ್ಸ್’ ಪತ್ರದಲ್ಲಿ ಅವನು ಹೇಳಿದ್ದಿಷ್ಟು: ಮುಂಬಯಿಯ ವಿಕ್ಟೋರಿಯಾ ಉದ್ಯಾನ ನಿರ್ಮಾಣವಾಗುವಾಗ ಕೆಲಸಗಾರರಿಗೆ ಸೊಳ್ಳೆಕಾಟ ವಿಪರೀತವಾಗಿತ್ತು, ಹಿಂದೂ ಮೇಲ್ವಿಚಾರಕರ ಸಲಹೆಯಂತೆ ಎಲ್ಲೆಯುದ್ದಕ್ಕೂ ತುಲಸಿ ನೆಟ್ಟ ಮೇಲೆ ಸೊಳ್ಳೆ ತಗ್ಗಿತು, ಅಲ್ಲೇ ವಾಸವಿದ್ದ ಮಾಲಿಗಳನ್ನು ಜ್ವರವೂ ಬಿಟ್ಟಿತು. ಈ ನಾಲ್ಕು ಮಾತುಗಳನ್ನು ನಮ್ಮ ಹಿಂದಿನ ಲೇಖಕರು ಪ್ರಯೋಗಶಾಲೆಯ ವರದಿಯಂತೆ ಓದಿ, ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂಬುದು ನಮ್ಮವರಿಗೆ ಮೊದಲೇ ತಿಳಿದಿತ್ತೆಂದು ತೀರ್ಮಾನಿಸಿದ್ದಾರೆ. ಈ ಓದು ನಿಲ್ಲುವುದಿಲ್ಲ.

ಬರ್ಡ್‌ವುಡ್ ಹೊರಗಿನವನಲ್ಲ. 1832ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದ ವೈದ್ಯ. ಉದ್ಯಾನದ ಸ್ಥಾಪನೆಯಲ್ಲಿ ಅವನ ಕೈಯಿತ್ತು. ಬೇಲಿ ನೆಟ್ಟದ್ದು ಸುಳ್ಳೆನ್ನಲು ನನಗೆ ಕಾರಣ ಕಾಣುವುದಿಲ್ಲ. ತೊಡಕಿರುವುದು ಕಾಲಗಣನೆಯಲ್ಲಿ. ಉದ್ಯಾನ ತೆರೆದದ್ದು 1862ರಲ್ಲಿ. ಬರ್ಡ್‌ವುಡ್ ಭಾರತ ಬಿಟ್ಟದ್ದು 1868ರಲ್ಲಿ. ಪತ್ರ ಬರೆದಾಗ ಅವನಿಗೆ ಎಪ್ಪತ್ತು ವರ್ಷ. ಘಟನೆಗೂ ಬರಹಕ್ಕೂ ನಡುವೆ ನಾಲ್ಕು ದಶಕಗಳಿವೆ. ಆ ನಡುವೆಯೇ, 1897ರ ಆಗಸ್ಟ್‌ನಲ್ಲಿ, ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡಿದ್ದ. ಅವನಿಗೆ ನೊಬೆಲ್ ಬಂದದ್ದು 1902ರಲ್ಲಿ, ಪತ್ರಕ್ಕೆ ಕೆಲವೇ ತಿಂಗಳು ಮೊದಲು.

1862ರ ವೈದ್ಯರ ಪ್ರಕಾರ ಇಂಥ ಜ್ವರ ಜೌಗುನೆಲದ ಕೆಟ್ಟ ಗಾಳಿಯಿಂದ ಬರುವಂಥದು. ಆಗ ಯಾರಾದರೂ ಸೊಳ್ಳೆ ತಗ್ಗಿತೆಂದು ಹೇಳಿರಬಹುದು. ತುಲಸಿಯಿಂದ ಗಾಳಿ ಶುದ್ಧವಾಗಿ ಜ್ವರ ಹೋಯಿತೆಂದೂ ಹೇಳಿರಬಹುದು. ಆದರೆ ಸೊಳ್ಳೆ ಹೋದದ್ದರಿಂದಲೇ ಜ್ವರ ಹೋಯಿತೆಂಬ ಅರ್ಥ ಬರುವಂತೆ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೆಣೆದದ್ದು ರಾಸ್‌ನ ನಂತರದ ಮನಸ್ಸು. (ಬುದ್ಧನ ವಿಗ್ರಹವನ್ನು ಪುಡಿಂಗಿಗೆ ಹೋಲಿಸಿ 1910ರಲ್ಲಿ ಗದ್ದಲವೆಬ್ಬಿಸಿದವನೂ ಇದೇ ಬರ್ಡ್‌ವುಡ್. ಕಲಾವಿಮರ್ಶಕನಾಗಿ ಅವನನ್ನು ತಿರಸ್ಕರಿಸುವವರೇ ತುಲಸಿಯ ವಿಷಯಕ್ಕೆ ಬಂದಾಗ ಅವನ ಮಾತನ್ನು ವೇದವಾಕ್ಯ ಮಾಡಿಕೊಳ್ಳುವುದು ಸೋಜಿಗ.)

ಪತ್ರದ ಸಂದರ್ಭವನ್ನೂ ನಮ್ಮವರು ಕೈಬಿಟ್ಟಿದ್ದಾರೆ. ಆಗ ಲಂಡನ್ನಿನಲ್ಲಿ ಸುದ್ದಿಯಾಗಿದ್ದದ್ದು ತುಲಸಿಯಲ್ಲ, ಅದರ ಆಫ್ರಿಕದ ಬಂಧು ಆಸಿಮಮ್ ವಿರಿಡೆ. ಉತ್ತರ ನೈಜೀರಿಯದ ಅಧಿಕಾರಿ ಕ್ಯಾಪ್ಟನ್ ಲ್ಯಾರಿಮೋರ್ ಅದನ್ನು ‘ಸೊಳ್ಳೆ ಗಿಡ’ವೆಂದು ಪ್ರಚಾರಕ್ಕೆ ತಂದಿದ್ದ. ಫ್ರೀಟೌನಿನಲ್ಲಿ ಡಾ. ಪ್ರೌಟ್ ಅದನ್ನು ಪರೀಕ್ಷಿಸಿದಾಗ ಬೆಳೆದು ನಿಂತ ಗಿಡ ಸೊಳ್ಳೆಯನ್ನು ಓಡಿಸಲಿಲ್ಲ. ಹಸಿ ಎಲೆಯ ಜೊತೆಗಿಟ್ಟರೂ ಅದಕ್ಕೆ ತೊಂದರೆಯಾಗಲಿಲ್ಲ. ಎಲೆ ಸುಟ್ಟ ಹೊಗೆಗೆ ಮಾತ್ರ ಅದು ಮಂಕಾಗಿ ಬಿತ್ತು. ಇದು ಬೇರೆ ಪ್ರಭೇದ, ನಿಜ. ಆದರೂ ಎಣ್ಣೆ ಎಲೆಯ ಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿರುವುದು ತುಲಸಿಯಲ್ಲೂ ಅಷ್ಟೇ. ಎಲೆಯನ್ನು ಬೆರಳಲ್ಲಿ ಹೊಸಕಿದರೆ ಘಮ್ಮೆನ್ನುತ್ತದೆ, ಮುಟ್ಟದೆ ಬಿಟ್ಟರೆ ಅಷ್ಟು ವಾಸನೆ ಹೊರಬರುವುದಿಲ್ಲ. ಮೊಣಕಾಲೆತ್ತರದ ಸಾಲೊಂದು ಇಡೀ ಉದ್ಯಾನವನ್ನು ಕಾಯಿತೆಂದು ನಂಬುವುದು ಕಷ್ಟ. ಮೇಲಾಗಿ, ಮುಂಬಯಿಯ ಮಲೇರಿಯಾಕ್ಕೆ ಬಾವಿ, ತೊಟ್ಟಿಗಳಲ್ಲಿ ಮೊಟ್ಟೆಯಿಡುವ ಅನಾಫಿಲಿಸ್ ಸ್ಟಿಫೆನ್ಸಿ ಕಾರಣವೆಂದು ಬೆಂಟ್ಲಿ 1911ರಲ್ಲಿ ವರದಿ ಮಾಡಿದ. ಬೇಲಿಯೊಳಗಿನ ಬಾವಿಯಲ್ಲೇ ಹುಟ್ಟುವ ಸೊಳ್ಳೆಗೆ ಬೇಲಿ ಏನು ಮಾಡೀತು? ಕಾಮಗಾರಿ ಮುಗಿದು ಅಗೆದ ಗುಂಡಿಗಳು ಮುಚ್ಚಿದ್ದರಿಂದಲೇ ಸೊಳ್ಳೆ ತಗ್ಗಿರಬಹುದೆಂದು ನನ್ನ ಊಹೆ. ಇದನ್ನು ಊಹೆಯೆಂದೇ ಓದಬೇಕು.

ಈ ಪತ್ರದ ಬೆನ್ನಿಗೇ ಇನ್ನೊಂದು ‘ಪ್ರಮಾಣ’ ಬರುತ್ತದೆ: 1907ರ ಸಾಮ್ರಾಜ್ಯ ಮಲೇರಿಯಾ ಸಮ್ಮೇಳನ ತುಲಸಿಯನ್ನು ಮಲೇರಿಯಾದ ಮದ್ದೆಂದು ಒಪ್ಪಿತಂತೆ. ಆ ಸಮ್ಮೇಳನ ಸೇರಿದ್ದು ಶಿಮ್ಲಾದಲ್ಲಿ, 1909ರ ಅಕ್ಟೋಬರಿನಲ್ಲಿ. ಇಸವಿಯನ್ನೂ ನೋಡದೆ ಒಬ್ಬರಿಂದೊಬ್ಬರು ನಕಲಿಳಿಸಿದ ಮಾತಿಗೆ ಇದಕ್ಕಿಂತ ಹೆಚ್ಚಿನ ಖಂಡನೆ ಬೇಡ.

ಇಷ್ಟರ ನಡುವೆ ಮೂಲೆಗೆ ಬಿದ್ದದ್ದು ತುಲಸಿಯ ನಿಜವಾದ ವೈದ್ಯಪರಂಪರೆ. ಚರಕ ಅದನ್ನು ‘ಸುರಸ’ವೆಂಬ ಹೆಸರಿನಲ್ಲಿ ಶ್ವಾಸಹರ ದ್ರವ್ಯಗಳ ಸಾಲಿಗೆ ಸೇರಿಸಿ, ಬಿಕ್ಕಳಿಕೆ, ಕೆಮ್ಮು, ಪಕ್ಕೆನೋವುಗಳಿಗೆ ಹೇಳಿದ್ದಾನೆ. ಸುಶ್ರುತನ ಸುರಸಾದಿ ಗಣ ಕಫಕ್ಕೆ, ಕ್ರಿಮಿಗೆ, ನೆಗಡಿಗೆ. ವೈಟ್‌ಲಾ ಐನ್ಸ್‌ಲಿ 1826ರ ‘ಮೆಟೀರಿಯಾ ಇಂಡಿಕಾ’ದಲ್ಲಿ ದಕ್ಷಿಣದ ವೈದ್ಯರು ಜ್ವರಕ್ಕೆ ತುಲಸಿಬೇರಿನ ಕಷಾಯ ಕೊಡುವುದನ್ನು ದಾಖಲಿಸಿದ್ದಾನೆ, ಉದ್ಯಾನಕ್ಕಿಂತ 36 ವರ್ಷ ಹಿಂದಿನ, ರಾಸ್‌ನ ನೆರಳು ಬೀಳದ ಸಾಕ್ಷ್ಯ ಇದು. ಇವರೆಲ್ಲರಲ್ಲೂ ತುಲಸಿ ಕುಡಿಸುವ, ಕುದಿಸುವ, ಅರೆಯುವ ಮದ್ದು. ನಮ್ಮ ಪಂಡಿತರು ರಸ, ಕಷಾಯಗಳ ಪ್ರಮಾಣವನ್ನು ಲೆಕ್ಕವಿಟ್ಟು ಉಳಿಸಿಕೊಂಡು ಬಂದ ವಿದ್ಯೆಗೆ ವಿಲಾಯತಿ ಪತ್ರಿಕೆಯ ಸರ್ಟಿಫಿಕೇಟು ಬೇಕಿರಲಿಲ್ಲ. ತುಲಸಿ ಮತ್ತು ಜ್ವರದ ಸಂಬಂಧವನ್ನು ಬರೆಯುವವರು ಐನ್ಸ್‌ಲಿಯಿಂದ ಹೊರಡಲಿ. ಬರ್ಡ್‌ವುಡ್‌ನ ಪತ್ರ 1903ರ ಲಂಡನ್ ಸೊಳ್ಳೆಯ ಬಗ್ಗೆ ಏನು ಯೋಚಿಸುತ್ತಿತ್ತು ಎಂಬುದಕ್ಕೆ ಒಳ್ಳೆಯ ದಾಖಲೆ. ಅದಕ್ಕಷ್ಟೇ ಅದನ್ನು ಬಳಸೋಣ.