ತಾತನ ಜಾವಾ, 48 ಹಲ್ಲು

1/4
ಫೋಟೋದಲ್ಲಿರೋದು 1968ರ ಜಾವಾ 250. ಜಾಗ, ಸುತ್ತೂರಿನ ನಮ್ಮ ಮನೆ ಕೊಟ್ಟಿಗೆ. ಟ್ಯಾಂಕ್ ನೋಡಿ ಲೈಕ್ ಒತ್ತೋರೇ ಜಾಸ್ತಿ, ಒತ್ತಿ, ಬೇಜಾರಿಲ್ಲ. ಆದ್ರೆ ಇವತ್ತಿನ ಕಥೆ ಫೋಟೋದಲ್ಲಿ ಕಾಣದೇ ಇರೋ ಭಾಗದ್ದು: ಹಿಂದಿನ ಚಕ್ರದ ಸ್ಪ್ರಾಕೆಟ್. ಈ ಜಾವಾದಲ್ಲಿ ಚೈನ್ ಪೂರ್ತಿ ಕವರ್ ಒಳಗಿರುತ್ತೆ. ಕೆಸರು ಒಳಗೆ ಹೋಗಲ್ಲ. ಒಳಗೆ ಏನಿದೆ ಅಂತ ನಮಗೂ ಕಾಣಲ್ಲ. ನಾನು ಎಡವಿದ್ದು ಅಲ್ಲೇ.

2/4
ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಯಾನೆಚೆಕ್ ಅನ್ನೋರು ವಾಂಡರರ್ ಕಂಪನಿಯ ಬೈಕ್ ವಿಭಾಗ ಕೊಂಡ್ಕೊಂಡ್ರು, ಎರಡು ಹೆಸರಿನ ಮೊದಲ ಅಕ್ಷರಗಳು ಸೇರಿ ಜಾವಾ. ಅದು ನಮ್ಮ ಮೈಸೂರಿಗೆ ಬಂದಿದ್ದು ಇರಾನಿ ಕುಟುಂಬದ ಐಡಿಯಲ್ ಜಾವಾ ಮೂಲಕ. ಯಾದವಗಿರಿ ಕಾರ್ಖಾನೆಯನ್ನ 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟನೆ ಮಾಡಿದ್ರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯ್ತು, 1978ರಲ್ಲಿ ರೋಡ್‌ಕಿಂಗ್ ಬಂತು, 1996ರಲ್ಲಿ ಬಾಗಿಲು ಮುಚ್ತು. ಇದೆಲ್ಲ ನಿಮಗೆ ಗೊತ್ತಿರೋದೇ. ಗಾಡಿ ಫ್ಯಾಕ್ಟರಿಯಿಂದ ಹೊರಗೆ ಬಂದ ಮೇಲೆ ಜನ ಅದನ್ನ ಏನು ಮಾಡ್ಕೊಂಡ್ರು ಅನ್ನೋ ಇತಿಹಾಸ ಮಾತ್ರ ಯಾರೂ ಬರೆದಿಟ್ಟಿಲ್ಲ. ನಮ್ಮ ತಾತ ಬರೆದಿಟ್ಟಿದ್ರು, ಲೆಕ್ಕದ ಪುಸ್ತಕದಲ್ಲಿ.

3/4
ಅದಕ್ಕೆ ಮುಂಚೆ ಸ್ವಲ್ಪ ಲೆಕ್ಕ. ಬಿಕಾಂ ಹುಡುಗ, ಸಹಿಸ್ಕೊಳ್ಳಿ.

ಹಿಂದಿನ ಹಲ್ಲನ್ನ ಮುಂದಿನ ಹಲ್ಲಿಂದ ಭಾಗಿಸಿ. ನಮ್ಮ ಗಾಡಿಲಿ ಮುಂದೆ 18, ಹಿಂದೆ 48 ಇತ್ತು. ಅಂದ್ರೆ 2.67. ಈ ಸಂಖ್ಯೆ ದೊಡ್ಡದಾದ್ರೆ ಎಳೆತ ಜಾಸ್ತಿ, ಚಿಕ್ಕದಾದ್ರೆ ಅದೇ ಇಂಜಿನ್ ಸುತ್ತಿಗೆ ಓಟ ಜಾಸ್ತಿ. ಕಾರಲ್ಲಿ ಇದೇ ಕೆಲಸ ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್ ಮಾಡುತ್ತೆ. 1960ರ ದಶಕದ ಅಮೆರಿಕದಲ್ಲಿ ಡಾಡ್ಜ್, ಪ್ಲಿಮತ್ ಕೊಳ್ಳೋರು 3.23 ಬೇಕಾ, 3.91 ಬೇಕಾ ಅಂತ ಆರ್ಡರ್ ಮಾಡುವಾಗಲೇ ಆರಿಸ್ಕೋಬಹುದಿತ್ತು. ನಮ್ಮಲ್ಲಿ ಮದ್ರಾಸ್ ಹತ್ರದ ಶೋಳಾವರಂ ರೇಸು, ಹಳೇ ವಿಮಾನದ ರನ್‌ವೇ ಮೇಲೆ. ಅಂಥ ಉದ್ದ ನೇರ ದಾರಿಗೆ ಚಿಕ್ಕ ಸಂಖ್ಯೆ ಸರಿ. ಕೆಸರು, ಏರು, ಹೊರೆಗೆ ದೊಡ್ಡದು.

ನಾನೇನು ಮಾಡ್ದೆ? ನಂಜನಗೂಡು–ಮೈಸೂರು ರೋಡಲ್ಲಿ ಫ್ರೆಂಡ್ಸ್ ಮುಂದೆ ಹೋಗಬೇಕು ಅಂತ ಲೇತಲ್ಲಿ 42 ಹಲ್ಲಿಂದು ಮಾಡಿಸಿ ಹಾಕ್ದೆ. 2.33. ಕಾಗದದ ಮೇಲೆ ಸ್ಪೀಡು 14% ಜಾಸ್ತಿ. ಎಳೆತದಲ್ಲಿ ಎಂಟನೇ ಒಂದು ಪಾಲು ಹೋಯ್ತು, ಅದನ್ನ ನಾನು ಲೆಕ್ಕಕ್ಕೇ ಹಿಡೀಲಿಲ್ಲ. ಇಂಜಿನ್ ಇರೋದು 12 ಎಚ್‌ಪಿ, ಅದೂ ಹೊಸದಾಗಿದ್ದಾಗ. ಗಾಳಿ ಸೀಳ್ಕೊಂಡು ಹೋಗೋ ದಮ್ಮೇ ಇಲ್ದಿದ್ರೆ ಸಂಖ್ಯೆ ಬದಲಾಯಿಸಿ ಏನು ಬಂತು? ಟಾಪ್ ಗೇರಲ್ಲಿ ಮೊದಲಿಗಿಂತ ನಿಧಾನ ಆಯ್ತು, ನಿಜವಾಗ್ಲೂ.

4/4
ಶ್ರಾವಣದಲ್ಲಿ ತಾತ ಚಾಮುಂಡಿ ಬೆಟ್ಟಕ್ಕೆ ಕರ್ಕೊಂಡು ಹೋಗು ಅಂದ್ರು. ಏರಲ್ಲಿ ಎರಡನೇ ಗೇರು ಎಳೀಲಿಲ್ಲ. ಒಂದನೇದಕ್ಕೆ ಹಾಕಿದ್ರೆ ಇಂಜಿನ್ ಕಾದು ಕ್ಲಚ್ ವಾಸನೆ. ಒಂದು ತಿರುವಲ್ಲಿ ಅವರೇ ಇಳಿದ್ರು. 78 ವಯಸ್ಸು. ಕೋಲು ಊರ್ಕೊಂಡು ನಡೀತಾ ಇದ್ದಾರೆ, ನಾನು ಪಕ್ಕದಲ್ಲಿ ಗಾಡಿ ತಳ್ತಾ ಇದ್ದೀನಿ. ಬೈಲಿಲ್ಲ. 'ಹಿಂದ್ಲು ಚಕ್ರ ಬಿಚ್ಚಿದ್ಯಾ ಮಗ?' ಅಂದ್ರು ಅಷ್ಟೇ.

ಮನೆಗೆ ಬಂದು ಹಳೇ ಲೆಕ್ಕದ ಪುಸ್ತಕ ತೆಗೆಸಿದ್ರು. 1984, ಬಾಳೆಗೊನೆ ಬಾಡಿಗೆಯ ಕೆಳಗೆ ಒಂದು ಸಾಲು: 'ಜಾವಾ ಹಿಂದಲ ಹಲ್ಲು ಚಕ್ರ, 48, ಲೇತ್ ಕೂಲಿ.' ಕಂಪನಿದು 46 ಇತ್ತಂತೆ. ಕಾಲುವೆ ಏರಿ ಮೇಲಿನ ಮಣ್ಣು ದಾರಿಲಿ ಎರಡು ಕಡೆ ಗೊನೆ ಕಟ್ಕೊಂಡು ನಂಜನಗೂಡು ಮಾರ್ಕೆಟ್ಟಿಗೆ ಹೋಗೋಕೆ ಅಂತ ಎರಡು ಹಲ್ಲು ಜಾಸ್ತಿ ಮಾಡಿಸಿದ್ರು. ಅಮ್ಮ ಓದಿದ್ದು ಆ ಗೊನೆ ದುಡ್ಡಲ್ಲಿ.

ಆ 48ರದ್ದನ್ನ ನಾನು ಸವೆದಿದೆ ಅಂತ ಗುಜರಿಗೆ ಹಾಕಿದ್ದೆ. ತೂಕಕ್ಕೆ.

ಹೋಗಿ ಕೇಳ್ದೆ, ಲೋಡ್ ಹೋಗಿಬಿಟ್ಟಿದೆ. ತಾತನಿಗೆ ಇನ್ನೂ ಹೇಳಿಲ್ಲ, ಮಾದಪ್ಪನ ಬೆಟ್ಟ ಯಾವಾಗ ಅಂತ ಕೇಳ್ತಾ ಇದ್ದಾರೆ. ನಿಮ್ಮ ಅಟ್ಟದ ಮೇಲೆ ಹಳೇ ಜಾವಾ ಸ್ಪ್ರಾಕೆಟ್ ಇದ್ರೆ ಹಲ್ಲು ಎಣಿಸಿ ಡಿಎಂ ಮಾಡಿ. 46 ಆದ್ರೂ ಪರವಾಗಿಲ್ಲ.

#ಜಾವಾ #ಯಾದವಗಿರಿ #ಸುತ್ತೂರು #ತಾತನಗಾಡಿ