ಹೆಬ್ಬೆರಳಿನ ಪಾಲು

ಯುದ್ಧಗಳನ್ನು ನಾವು ಸೇನಾಪತಿಗಳ ಹೆಸರಿನಿಂದಲೂ ರಣರಂಗಗಳ ಹೆಸರಿನಿಂದಲೂ ನೆನಪಿಟ್ಟುಕೊಳ್ಳುತ್ತೇವೆ. ನಾನಿಂದು ಹೇಳಹೊರಟಿರುವುದು ಬೆರಳುದ್ದದ ಒಂದು ಲೋಹದ ಪಟ್ಟಿಯ ಇತಿಹಾಸ. ಸೈನ್ಯದಲ್ಲಿ ಅದಕ್ಕೆ ಚಾರ್ಜರ್ ಎನ್ನುತ್ತಾರೆ. ಕ್ಲಿಪ್ ಎಂಬ ಹೆಸರೂ ಉಂಟು. ತೋಟಾಗಳ ಬುಡವನ್ನು ಸಾಲಾಗಿ ಕಚ್ಚಿ ಹಿಡಿಯುವುದು, ಅವನ್ನು ಬಂದೂಕಿನ ಒಡಲಿಗೆ ಒಮ್ಮೆಗೇ ಒಪ್ಪಿಸುವುದು, ಆಮೇಲೆ ನೆಲಕ್ಕೆ ಬೀಳುವುದು. ಅದರ ಕೆಲಸ ಇಷ್ಟೆ.

ಹಿಂದೆ ತೋಟಾಗಳನ್ನು ಒಂದೊಂದಾಗಿ ತುಂಬಬೇಕಾಗಿತ್ತು. ಅಷ್ಟು ಹೊತ್ತೂ ಸೈನಿಕನ ಕೈಯಲ್ಲಿರುವುದು ಆಯುಧವಲ್ಲ, ಬರಿಯ ಭಾರ. ಬೆಲ್ಜಿಯಂ ಸೈನ್ಯಕ್ಕಾಗಿ ಸಿದ್ಧವಾದ 1889ರ ಮೌಸರ್ ರೈಫಲಿಗೆ ಐದು ತೋಟಾಗಳ ಪಟ್ಟಿ ಒದಗಿತು. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಯುದ್ಧದಲ್ಲಿ ಬೋಯರರು ಪಟ್ಟಿಯಿಂದ ತುಂಬುವ ಮೌಸರುಗಳನ್ನು ಹಿಡಿದಿದ್ದರು. ಬ್ರಿಟಿಷರು ಬಿಡಿ ತೋಟಾಗಳನ್ನೇ ತುಂಬುತ್ತಿದ್ದರು. ಆ ಪಾಠ ಕಲಿತ ಮೇಲೆ, 1907ರ ಲೀ-ಎನ್‌ಫೀಲ್ಡ್ ರೈಫಲಿನ ಬೆನ್ನಿನ ಮೇಲೆ ಚಾರ್ಜರಿಗೆಂದೇ ಸಣ್ಣ ಸೇತುವೆಯೊಂದು ಕೂತಿತು.

ದರ್ಜಿ ಹಬ್ಬದ ಅವಸರಕ್ಕೆ ಮುಂಚೆಯೇ ಸೂಜಿಗಳಿಗೆ ದಾರ ಪೋಣಿಸಿಟ್ಟುಕೊಳ್ಳುವುದುಂಟು. ಪಟ್ಟಿಯ ಗುಟ್ಟೂ ಅದೇ. ಗಂಡಾಂತರದ ಗಳಿಗೆಯ ಕೆಲಸವನ್ನು ಅದು ನೆಮ್ಮದಿಯ ಗಳಿಗೆಗೆ ಸಾಗಿಸಿತು.

ಮುಂದೆ ಅರೆ-ಸ್ವಯಂಚಾಲಿತ ರೈಫಲುಗಳು ಬಂದವು. ‘ತಾನೇ ತುಂಬಿಕೊಳ್ಳುವ ರೈಫಲು’ ಎಂದೂ ಅವುಗಳಿಗೆ ಹೆಸರು. ಸೋವಿಯತ್ ದೇಶದ ಸಿಮೊನೊವ್ 1945ರಲ್ಲಿ ರೂಪಿಸಿದ ಎಸ್‌ಕೆಎಸ್ ಅಂಥದೊಂದು. ಗುಂಡು ಹಾರಿಸಿದ ಅನಿಲವೇ ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ. ಖಾಲಿ ಕೋಶ ಹೊರಬಿದ್ದು ಮುಂದಿನ ತೋಟಾ ಒಳಸೇರುತ್ತದೆ. ಹತ್ತನೆಯದೂ ಹಾರಿದ ಮೇಲೆ ಬೋಲ್ಟು ಹಿಂದೆಯೇ ನಿಂತುಬಿಡುತ್ತದೆ. ಆಗ ಸೈನಿಕ ಹತ್ತು ತೋಟಾಗಳ ಪಟ್ಟಿಯನ್ನು ನೆಟ್ಟು, ಹೆಬ್ಬೆರಳಿನಿಂದ ನೇರವಾಗಿ ಒತ್ತಿ, ಪಟ್ಟಿಯನ್ನು ಕಿತ್ತು, ಬೋಲ್ಟನ್ನು ತುಸು ಎಳೆದು ಬಿಡಬೇಕು. ತಾನೇ ತುಂಬಿಕೊಳ್ಳುವುದೆಂದು ಹೆಸರಾದ ಬಂದೂಕು ಪ್ರತಿ ಹತ್ತರ ಕೊನೆಗೆ ಮನುಷ್ಯನ ಬೆರಳಿಗೆ ಕಾಯುತ್ತದೆ.

ಈ ರೈಫಲನ್ನು ಚೀನ 1956ರಿಂದ ತಾನೇ ತಯಾರಿಸತೊಡಗಿತು. 1962ರಲ್ಲಿ ನಮ್ಮ ಸೈನಿಕರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಲೀ-ಎನ್‌ಫೀಲ್ಡ್. ಎರಡಕ್ಕೂ ತೋಟಾ ಇಳಿಯುತ್ತಿದ್ದುದು ಪಟ್ಟಿಯಿಂದಲೇ: ಅಲ್ಲಿ ಹತ್ತರದೊಂದು, ಇಲ್ಲಿ ಐದರವೆರಡು. ಆದರೆ ನಮ್ಮವನು ಒಂದೊಂದು ಗುಂಡಿಗೂ ಬೋಲ್ಟನ್ನು ಕೈಯಾರೆ ಎಳೆದು ದೂಡಬೇಕಾಗಿತ್ತು. ನವೆಂಬರ್ 18ರಂದು ಲಡಾಖಿನ ರೆಜಾಂಗ್ ಲಾದಲ್ಲಿ, 16,000 ಅಡಿಗಳಿಗೂ ಮೇಲೆ, ಮೇಜರ್ ಶೈತಾನ್ ಸಿಂಗರೂ ಅವರ ಕುಮಾಂವ್ ಕಂಪನಿಯ ನೂರಕ್ಕೂ ಹೆಚ್ಚು ಜನರೂ ಮಡಿದರು. 1963ರಲ್ಲಿ ಹಿಮದ ನಡುವೆ ದೇಹಗಳು ದೊರೆತಾಗ ಹಲವರ ಕೈಗಳು ಆಯುಧವನ್ನು ಬಿಟ್ಟಿರಲಿಲ್ಲ. ಸೋಲನ್ನು ರೈಫಲೊಂದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಎಲುಬು ಕೊರೆಯುವ ಆ ಚಳಿಯಲ್ಲಿ ಹೆಪ್ಪುಗಟ್ಟಿದ ಲೋಹವನ್ನು ಒತ್ತಿದ ಹೆಬ್ಬೆರಳುಗಳನ್ನು ನೆನೆಯದೆ ಈ ಇತಿಹಾಸವನ್ನು ಮುಗಿಸಲು ನನಗೆ ಮನಸ್ಸಾಗದು.

ಈಗ ಕಳಚಿ ಜೋಡಿಸುವ ಮ್ಯಾಗಜೀನುಗಳ ಕಾಲ. ಪಟ್ಟಿ ಬಂದೂಕಿನಿಂದ ದೂರ ಸರಿದಿದೆ. ಕೆಲವು ಸೈನ್ಯಗಳಲ್ಲಿ ಮ್ಯಾಗಜೀನು ತುಂಬಲು ಮಾತ್ರ ಉಳಿದಿದೆ. ನೆಮ್ಮದಿಯ ಗಳಿಗೆಯಲ್ಲಿ ಕುಳಿತು ತುಂಬುವವನಿಗೆ ಎದುರಾಳಿಯ ಮುಖ ಕಾಣುವುದಿಲ್ಲ. ಅವಸರವನ್ನು ಗೆದ್ದ ಈ ಪುಟ್ಟ ಉಪಾಯದ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಬೇಕು.