ಹೃತ್ಸ್ನಾಯು ವ್ಯಾಧಿಯಲ್ಲಿ ಹಠಾನ್ಮರಣದ ಮುನ್ಸೂಚನೆ: ಇತಿಹಾಸ

ರಕ್ತದೊತ್ತಡವೇ ಮೊದಲಾದ ಕಾರಣಗಳಾವುವೂ ಇಲ್ಲದೆ ಹೃದಯದ ಸ್ನಾಯು ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿಯು ಬಹುಮಟ್ಟಿಗೆ ಅನುವಂಶಿಕವಾದ ವ್ಯಾಧಿ. ಇದುಳ್ಳವರಲ್ಲಿ ಅನೇಕರು ದೀರ್ಘಕಾಲ ಬಾಳುವರಾದರೂ, ಕೆಲವರು, ಅದರಲ್ಲಿಯೂ ತರುಣರು, ಹೃತ್ಕುಕ್ಷಿಯ ಬಡಿತವು ಲಯಗೆಟ್ಟು ಒಮ್ಮೆಲೇ ಅಸುನೀಗುವರು.

ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಡೊನಾಲ್ಡ್ ಟಿಯರ್ ಅವರು 1958ರಲ್ಲಿ, ಹೆಚ್ಚಿನವರು ಹಠಾತ್ತನೆ ಮೃತರಾಗಿದ್ದ ಕೆಲವು ಯುವಜನರ ಹೃದಯಗಳನ್ನು ಪರೀಕ್ಷಿಸಿ, ಹೃತ್ಕುಕ್ಷಿಗಳ ನಡುವಣ ಗೋಡೆಯು ವಿಷಮವಾಗಿ ಬೆಳೆದಿದ್ದುದನ್ನೂ ಸ್ನಾಯುತಂತುಗಳು ಕ್ರಮಗೆಟ್ಟು ಹೆಣೆದುಕೊಂಡಿದ್ದುದನ್ನೂ ವರ್ಣಿಸಿದರು. ಜೀವಂತರಲ್ಲಿ ಅಪಾಯವನ್ನು ಅಳೆಯುವ ಯತ್ನಕ್ಕೆ ದೃಢವಾದ ಆಧಾರ ದೊರೆತುದು 1981ರಲ್ಲಿ. ಹೋಲ್ಟರ್ ಯಂತ್ರದಿಂದ ಹೃದಯದ ವಿದ್ಯುಲ್ಲೇಖವನ್ನು ದೀರ್ಘಕಾಲ ಬರೆಯಿಸಿದ ಬ್ರಿಟನ್ನಿನ ವಿಲಿಯಂ ಮೆಕೆನ್ನಾ ಮತ್ತು ಅಮೆರಿಕದ ಬ್ಯಾರಿ ಮ್ಯಾರನ್ ಅವರ ತಂಡಗಳು, ಕ್ಷಣಕಾಲ ತೋರಿ ಅಡಗುವ ಹೃತ್ಕುಕ್ಷಿಯ ಶೀಘ್ರಲಯವು ಮುಂದಣ ವಿಪತ್ತಿನ ಸೂಚಕವೆಂದು ಬೇರೆಬೇರೆಯಾಗಿ ಕಂಡುಕೊಂಡವು.

ಅದರ ಹಿಂದಿನ ವರ್ಷವೇ ಲಯಗೆಟ್ಟ ಹೃದಯವನ್ನು ವಿದ್ಯುದಾಘಾತದಿಂದ ಸರಿದಾರಿಗೆ ತರುವ, ಮಿಶೆಲ್ ಮಿರೌಸ್ಕಿಯವರ ಡಿಫಿಬ್ರಿಲೇಟರ್ ಯಂತ್ರವು ಬಾಲ್ಟಿಮೋರಿನಲ್ಲಿ ಪ್ರಥಮವಾಗಿ ಮಾನವದೇಹದೊಳಗೆ ಅಳವಡಿಸಲ್ಪಟ್ಟಿತ್ತು. ಅಪಾಯವನ್ನು ಅರಿತೂ ನಿರುಪಾಯನಾಗಿದ್ದ ವೈದ್ಯನ ಕೈಗೆ ಹೀಗೆ ಉಪಾಯವೊಂದು ಬಂದಿತು. ಆದರೆ ಸೋಂಕನ್ನೂ, ತಂತಿಯ ದೋಷವನ್ನೂ, ಅಕಾರಣವಾದ ವಿದ್ಯುದಾಘಾತವನ್ನೂ ತಂದೊಡ್ಡಬಲ್ಲ ಈ ಯಂತ್ರವನ್ನು ಇಪ್ಪತ್ತರ ಯುವಕನೊಬ್ಬನು ದಶಕಗಳ ಕಾಲ ಎದೆಯಲ್ಲಿ ಹೊರಬೇಕಾಗಿರುವುದರಿಂದ, ಯಾರಿಗೆ ಬೇಕು, ಯಾರಿಗೆ ಬೇಡವೆಂಬ ವಿವೇಚನೆಯು ಆ ಬಳಿಕ ಇನ್ನಷ್ಟು ಗಂಭೀರವಾಯಿತು. 1990ರಲ್ಲಿ ಈ ವ್ಯಾಧಿಗೆ ಕಾರಣವಾಗುವ, ಸ್ನಾಯುವಿನ ಪ್ರೋಟೀನಾದ ಮಯೋಸಿನ್ನಿನ ಜೀನಿನ ವ್ಯತ್ಯಯವು ಪತ್ತೆಯಾದಾಗ ಉತ್ತರವು ಅನುವಂಶಶಾಸ್ತ್ರದಿಂದಲೇ ಬರುವುದೆಂಬ ಆಸೆ ಮೂಡಿತಾದರೂ, ಒಂದೇ ವ್ಯತ್ಯಯವುಳ್ಳ ಕುಟುಂಬದಲ್ಲಿಯೂ ರೋಗದ ಗತಿ ಭಿನ್ನವಾಗಿರುತ್ತಿದ್ದುದರಿಂದ ಆ ಆಸೆ ಪೂರ್ಣವಾಗಿ ಕೈಗೂಡಲಿಲ್ಲ.

ಬಹುಕಾಲ ವೈದ್ಯರು ಸೂಚಕಗಳನ್ನು ಎಣಿಸುತ್ತಿದ್ದರು: ಕುಟುಂಬದಲ್ಲಿ ಹಠಾನ್ಮರಣ, ಕಾರಣ ತಿಳಿಯದ ಮೂರ್ಛೆ, 30 ಮಿಲಿಮೀಟರಿಗೆ ಕಡಿಮೆಯಿಲ್ಲದ ಗೋಡೆಯ ದಪ್ಪ, ಮೊದಲಾದುವು. 2000ದಲ್ಲಿ ಪಾವೊಲೊ ಸ್ಪಿರಿಟೊ ಅವರ ತಂಡವು ದಪ್ಪವು ಹೆಚ್ಚಿದಂತೆಲ್ಲ ಅಪಾಯವೂ ಹಂತಹಂತವಾಗಿ ಏರುವುದೆಂದು ತೋರಿಸಿತು. ಹಾಗಿರುವಲ್ಲಿ 29 ಮಿಲಿಮೀಟರಿನವನನ್ನು ಬಿಟ್ಟು 30ರವನನ್ನು ಹಿಡಿಯುವ ಎಣಿಕೆಯು ಒರಟಾದುದೆಂಬುದು ಸ್ಪಷ್ಟ. ಈ ಕೊರತೆಯನ್ನು ನೀಗಲು 2014ರಲ್ಲಿ ಯೂರೋಪಿನ ಆರು ಕೇಂದ್ರಗಳ 3675 ರೋಗಿಗಳ ದಾಖಲೆಗಳಿಂದ ಸಿದ್ಧವಾದ ಸೂತ್ರವು, ವಯಸ್ಸು, ಎಡ ಹೃತ್ಕರ್ಣದ ಅಳತೆ, ರಕ್ತದ ಹೊರಹರಿವಿಗಿರುವ ಅಡ್ಡಿ ಇವುಗಳನ್ನೂ ಸೇರಿಸಿ, ಒಟ್ಟು ಏಳು ಅಂಶಗಳಿಂದ ಐದು ವರ್ಷಗಳ ಅಪಾಯವನ್ನು ಶೇಕಡಾವಾರು ಕೊಡುವುದು. ಶೇಕಡಾ 6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಿಫಿಬ್ರಿಲೇಟರನ್ನು ಪರಿಗಣಿಸಬೇಕೆಂದು ಆ ವರ್ಷದ ಯೂರೋಪಿನ ಮಾರ್ಗಸೂಚಿಯು ವಿಧಿಸಿತು. ಅಮೆರಿಕದ ತಜ್ಞರು ಪ್ರತ್ಯೇಕ ಸೂಚಕಗಳಿಗೇ ಹೆಚ್ಚಿನ ಬೆಲೆ ಕೊಟ್ಟು, ಎಂಆರ್‌ಐಯಲ್ಲಿ ಕಾಣುವ ಸ್ನಾಯುವಿನ ಕಲೆಯನ್ನೂ ಅವುಗಳೊಡನೆ ಸೇರಿಸಿದರು.

2014ರ ಸೂತ್ರವು 16 ವರ್ಷಕ್ಕೆ ಕೆಳಗಿನವರಿಗೆ ಅನ್ವಯಿಸುತ್ತಿರಲಿಲ್ಲ; ಮಕ್ಕಳಿಗಾಗಿ ಪ್ರತ್ಯೇಕ ಸೂತ್ರವೊಂದು 2019ರಲ್ಲಿ ಪ್ರಕಟವಾಯಿತು.